ಡೂಪ್ ಬೇಡ, ಡೋಪ್ ಬೇಡ! ಕೊಡಗಿನ ಚಿಗರೆ ಅಶ್ವಿನಿ ಓಡಿದ ದಾರಿ

ಸಿನಿಮಾದಲ್ಲಿ ಹೀರೋ ಓಡುತ್ತಾನೆ. ಹಿಂದೆ ಹತ್ತು ಜನ ರೌಡಿಗಳು, ಮುಂದೆ ಗೂಡ್ಸ್ ರೈಲು. ಎಗರುತ್ತಾನೆ, ಹಾರುತ್ತಾನೆ, ರೈಲಿನ ಮೇಲೆ ನಿಂತು ಕೂದಲು ಸರಿಮಾಡಿಕೊಳ್ಳುತ್ತಾನೆ. ಕೆಳಗೆ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಆದರೆ ಹಾರಿದ್ದು ಹೀರೋನಾ? ಎಲ್ಲಿ ಬಂತು ಸ್ವಾಮಿ! ಅದೇ ಬಣ್ಣದ ಅಂಗಿ ತೊಟ್ಟ ಯಾರೋ ಒಬ್ಬ ಫೈಟರು. ಸಿನಿಮಾದವರು ಅವನನ್ನು ಕರೆಯುವ ಹೆಸರು 'ಡೂಪ್'.

ಓಟದ ಟ್ರ್ಯಾಕಿನಲ್ಲಿ ಈ ಸೌಕರ್ಯ ಇಲ್ಲ. ಅಲ್ಲಿ ಡೂಪ್ ಇಲ್ಲ, ರೀಟೇಕ್ ಇಲ್ಲ, ಎಡಿಟಿಂಗ್ ಟೇಬಲ್ ಇಲ್ಲ. ಗನ್ ಸದ್ದಾದ ಮೇಲೆ ಹನ್ನೊಂದೋ ಹನ್ನೆರಡೋ ಸೆಕೆಂಡಿನಲ್ಲಿ ಕಥೆ, ಚಿತ್ರಕಥೆ, ಕ್ಲೈಮ್ಯಾಕ್ಸ್ ಎಲ್ಲಾ ಮುಗಿದುಹೋಗುತ್ತದೆ. ಅಂಥ ಟ್ರ್ಯಾಕಿನಿಂದ ಎದ್ದು ನೇರವಾಗಿ ಬೆಳ್ಳಿತೆರೆಗೆ ಬಂದು, ಅಲ್ಲೂ ತನ್ನ ಪಾತ್ರವನ್ನು ತಾನೇ ಮಾಡಿದ ಒಬ್ಬ ಹುಡುಗಿ ನಮ್ಮ ಕರ್ನಾಟಕದಲ್ಲಿದ್ದಾಳೆ. ಹೆಸರು ಅಶ್ವಿನಿ ನಾಚಪ್ಪ. ಊರು ಕೊಡಗು. ಪತ್ರಿಕೆಯವರು ಇಟ್ಟ ಬಿರುದು 'ಭಾರತದ ಫ್ಲೋ-ಜೋ'!

ಯಾರಪ್ಪಾ ಈ ಫ್ಲೋ-ಜೋ? ಯಾಕೆ ಬಂತು ಈ ಬಿರುದು? ಕೊನೆಗೆ ಉಳಿದದ್ದೇನು, ಬಿರುದೋ, ಓಟವೋ? ಬನ್ನಿ, ರೀಲು ಸುತ್ತೋಣ.

ಹದಿನಾರು ಅಡಿ ಫಿಲ್ಮಿನೊಳಗೆ ವಿಶ್ವದಾಖಲೆ!

ಮೊದಲು ಅಸಲಿ ಫ್ಲೋ-ಜೋ ಕಥೆ. ಪೂರ್ತಿ ಹೆಸರು ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್. ಹುಟ್ಟಿದ್ದು 1959ರ ಡಿಸೆಂಬರ್ 21, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಹಾಲಿವುಡ್ ಇರುವ ಊರೇ ಅದು. ಆದರೆ ಈಕೆಯ ಮನೆ ಇದ್ದದ್ದು ವಾಟ್ಸ್ ಎಂಬ ಬಡವರ ಬಡಾವಣೆಯಲ್ಲಿ. ಹನ್ನೊಂದು ಮಕ್ಕಳಲ್ಲಿ ಏಳನೆಯವಳು. ನಡುವೆ ಕಾಲೇಜು ಬಿಟ್ಟು ಬ್ಯಾಂಕಿನ ಕೌಂಟರಿನಲ್ಲಿ ಕೂತು ಸಂಬಳ ಎಣಿಸಿದವಳು. ಮತ್ತೆ ಟ್ರ್ಯಾಕಿಗೆ ಬಂದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 200 ಮೀಟರಿನಲ್ಲಿ ಬೆಳ್ಳಿ ಗೆದ್ದಳು. 1987ರಲ್ಲಿ ಟ್ರಿಪಲ್ ಜಂಪ್ ಚಾಂಪಿಯನ್ ಅಲ್ ಜಾಯ್ನರ್‌ನ ಕೈ ಹಿಡಿದಳು.

1988ರ ಜುಲೈ 16. ಇಂಡಿಯಾನಾಪೊಲಿಸ್ ನಗರದಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆಯ ಓಟ. ಉದ್ದುದ್ದ ಬಣ್ಣದ ಉಗುರು, ಹಾರುವ ಕೂದಲು, ಒಂದೇ ಕಾಲಿಗೆ ಬಟ್ಟೆ ಇರುವ ಬಿಗಿ ಉಡುಪು! ಕ್ಯಾಮರಾದವರು ಉಗುರು ನೋಡುತ್ತಿದ್ದಂತೆಯೇ ಆಕೆ 100 ಮೀಟರನ್ನು 10.49 ಸೆಕೆಂಡಿನಲ್ಲಿ ಓಡಿ ಮುಗಿಸಿಬಿಟ್ಟಿದ್ದಳು. ಹಳೆಯ ವಿಶ್ವದಾಖಲೆ 10.76. ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಜೀವ ತೇಯುವ ಕಡೆ ಒಂದೇ ಏಟಿಗೆ ಇಪ್ಪತ್ತೇಳು ಭಾಗ!

ಸಿನಿಮಾ ಲೆಕ್ಕದಲ್ಲಿ ಹೇಳಬೇಕೆಂದರೆ, ಪ್ರೊಜೆಕ್ಟರಿನಲ್ಲಿ ಸೆಕೆಂಡಿಗೆ 24 ಫ್ರೇಮು, ಅಂದರೆ ಒಂದೂವರೆ ಅಡಿ ಫಿಲ್ಮು ಓಡುತ್ತದೆ. ಫ್ಲೋ-ಜೋ ಓಡಿದ ವಿಶ್ವದಾಖಲೆ ಹದಿನಾರು ಅಡಿ ಫಿಲ್ಮಿಗೂ ಕಮ್ಮಿ. ನಮ್ಮ ಹೀರೋ ಕೂಲಿಂಗ್ ಗ್ಲಾಸ್ ತೆಗೆಯುವ ಶಾಟಿಗೆ ಕೂಡ ಇದಕ್ಕಿಂತ ಜಾಸ್ತಿ ಫಿಲ್ಮು ಖರ್ಚಾದದ್ದುಂಟು!

ಅದೇ ವರ್ಷ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್, 200 ಮೀಟರ್, 4x100 ರಿಲೇ, ಮೂರರಲ್ಲೂ ಚಿನ್ನ. 4x400 ರಿಲೇಯಲ್ಲಿ ಬೆಳ್ಳಿ. 200 ಮೀಟರಿನಲ್ಲಿ 21.34 ಸೆಕೆಂಡ್, ಅದೂ ವಿಶ್ವದಾಖಲೆ. ಅಲ್ಲಿಂದೀಚೆಗೆ ಮೂರೂವರೆ ದಶಕ ದಾಟಿತು, ಎರಡೂ ದಾಖಲೆಗಳು ಅಲುಗಾಡಿಲ್ಲ. ಜಮೈಕಾದ ಎಲೇನ್ ಥಾಮ್ಸನ್-ಹೆರಾ 2021ರಲ್ಲಿ 10.54ರ ತನಕ ಬಂದಳು. ಅವಳದೇ ದೇಶದ ಶೆರಿಕಾ ಜಾಕ್ಸನ್ 2023ರಲ್ಲಿ 200 ಮೀಟರನ್ನು 21.41ಕ್ಕೆ ಓಡಿದಳು. ಹತ್ತಿರ ಬಂದವರುಂಟು, ಮುಟ್ಟಿದವರಿಲ್ಲ.

ಹೊಗಳಿದವರಷ್ಟೇ ಅನುಮಾನಪಟ್ಟವರೂ ಇದ್ದರು. ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಲೆಕ್ಕಕ್ಕಿಲ್ಲ. ಅಂದು ಆ ಓಟದ ಗಾಳಿಮಾಪಕ ಸೊನ್ನೆ ತೋರಿಸುತ್ತಿತ್ತು, ಪಕ್ಕದ ಟ್ರಿಪಲ್ ಜಂಪ್ ಅಂಕಣದ ಮಾಪಕ 4.3 ತೋರಿಸುತ್ತಿತ್ತು! ಮದ್ದು ತಿಂದು ಓಡಿದಳೆಂಬ ಗುಸುಗುಸು ಬೇರೆ. ಆದರೆ ಯಾವ ಪರೀಕ್ಷೆಯಲ್ಲೂ ಆಕೆ ಸಿಕ್ಕಿಬೀಳಲಿಲ್ಲ. 1989ರ ಫೆಬ್ರವರಿಯಲ್ಲಿ ಓಟಕ್ಕೆ ವಿದಾಯ ಹೇಳಿ, ಉಡುಪಿನ ವಿನ್ಯಾಸಕ್ಕೆ, ಟಿವಿ ಪಾತ್ರಗಳಿಗೆ ತಿರುಗಿದಳು. ಇಂಡಿಯಾನಾ ಪೇಸರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಉಡುಪು ಆಕೆಯದೇ ಕೈಚಳಕ. 1998ರ ಸೆಪ್ಟೆಂಬರ್ 21ರಂದು ನಿದ್ದೆಯಲ್ಲೇ ಮೂರ್ಛೆ ಬಂದು ಪ್ರಾಣ ಹೋಯಿತು. ವಯಸ್ಸು ಬರೀ 38.

ಬೆಂಕಿಯ ಹಾಗೆ ಉರಿದು ಹೋದವಳು ಆಕೆ. ಅವಳ ಹೆಸರನ್ನು ನಮ್ಮ ಕೊಡಗಿನ ಹುಡುಗಿಗೆ ಇಟ್ಟದ್ದಾದರೂ ಯಾಕೆ?

ಉಷಾಳನ್ನೇ ಹಿಂದಿಕ್ಕಿದ ಹುಡುಗಿ

ಅಶ್ವಿನಿ ಹುಟ್ಟಿದ್ದು 1967ರ ಅಕ್ಟೋಬರ್ 21. ಕೊಡಗೆಂದರೆ ಕೇಳಬೇಕೆ? ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ನೆಲ. ಹಾಕಿ ಕೋಲು ಹಿಡಿಯದ ಮನೆ ಹುಡುಕುವುದು ಕಷ್ಟ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ನಡುವೆಯೇ ಹಾಕಿ ಪಂದ್ಯಾವಳಿ ಶುರುಮಾಡಿ ಮನೆಮನೆಯನ್ನೂ ಒಂದೊಂದು ಟೀಮು ಮಾಡಿಬಿಟ್ಟರು. ಅಂಥ ರಕ್ತ! ಸಹೋದರಿ ಪುಷ್ಪಾ ನಾಚಪ್ಪ ಕೂಡ ಟ್ರ್ಯಾಕಿನಲ್ಲಿ ಹೆಸರು ಮಾಡಿದವಳೇ.

ಅಶ್ವಿನಿ ಕಾಲು ಪಳಗಿದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಸಿನಿಮಾ ಅಭಿಮಾನಿಗಳಿಗೆ ಈ ಹೆಸರು ಕೇಳಿದರೆ ಕಣ್ಣು ಒದ್ದೆಯಾಗುತ್ತದೆ. 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರನ್ನು, 2021ರ ಅಕ್ಟೋಬರ್‌ನಲ್ಲಿ ಅಪ್ಪುವನ್ನು ನಾವು ಕೊನೆಯ ಸಲ ನೋಡಿದ್ದು ಅಲ್ಲೇ. ಜನಸಾಗರ ಸೇರಿದ ಅದೇ ಅಂಗಳದಲ್ಲಿ, 1980ರ ದಶಕದಲ್ಲಿ ಈ ಹುಡುಗಿ ಸುತ್ತಿನ ಮೇಲೆ ಸುತ್ತು ಹಾಕಿ ಬೆವರು ಸುರಿಸಿದ್ದಳು.

ಆ ಕಾಲದ ಓಟದ ಲೋಕಕ್ಕೆ ಒಬ್ಬಳೇ ಮಹಾರಾಣಿ. ಕೇರಳದ ಪಯ್ಯೋಳಿಯ ಪಿ.ಟಿ. ಉಷಾ! 1984ರ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಕಂಚಿನ ಪದಕ ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಮೂರನೆಯವಳು 55.41, ಉಷಾ 55.42. ಫಿಲ್ಮಿನ ಲೆಕ್ಕದಲ್ಲಿ ಒಂದು ಫ್ರೇಮಿನ ಕಾಲುಭಾಗ ಮಾತ್ರ! ಮರುವರ್ಷ ಜಕಾರ್ತದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಐದು ಚಿನ್ನ, 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ. ಅದೇ ಸೋಲ್‌ನಲ್ಲಿ ರಿಲೇ ಚಿನ್ನ ಗೆದ್ದಾಗ ಉಷಾ ಜೊತೆ ಓಡಿದವರಲ್ಲಿ ನಮ್ಮ ಕರ್ನಾಟಕದ ವಂದನಾ ರಾವ್ ಕೂಡ ಇದ್ದರು.

ಉಷಾ ಓಡುತ್ತಾಳೆಂದರೆ ಎರಡನೇ ಸ್ಥಾನಕ್ಕೆ ಯಾರು ಅಂತ ಮಾತ್ರ ಜನ ಕೇಳುತ್ತಿದ್ದರು. ಅಣ್ಣಾವ್ರ ಸಿನಿಮಾ ಬಿಡುಗಡೆಯ ದಿನವೇ ತನ್ನ ಸಿನಿಮಾ ಬಿಡಲು ಯಾವ ನಿರ್ಮಾಪಕನಿಗೆ ಧೈರ್ಯ ಬರುತ್ತಿತ್ತು ಹೇಳಿ? ಅಂಥ ಉಷಾಳನ್ನು ಅಶ್ವಿನಿ ಎರಡು ಸಲ ಹಿಂದಿಕ್ಕಿದಳು. ಒಂದು ಸಲ ಆಗಿದ್ದರೆ ಅದೃಷ್ಟ ಅಂದುಬಿಡಬಹುದಿತ್ತು. ಎರಡನೇ ಸಲಕ್ಕೆ ಏನು ಹೇಳುತ್ತೀರಿ?

ದಕ್ಷಿಣ ಏಷ್ಯಾ ಕ್ರೀಡಾಕೂಟಗಳಲ್ಲಿ ಪದಕಗಳು ಬಂದವು. 1988ರ ಸಾಲಿನ ಅರ್ಜುನ ಪ್ರಶಸ್ತಿ ಬಂತು. ಅದರ ಜೊತೆಗೇ ಫೋಟೋದವರ ದಂಡೂ ಬಂತು! ಒಳ್ಳೆ ಎತ್ತರದ ನಿಲುವು, ನಗುಮೊಗ, ಟ್ರ್ಯಾಕಿನ ಮೇಲೆ ತೊಡುತ್ತಿದ್ದ ಕಣ್ಣು ಕೋರೈಸುವ ಉಡುಪು. ಫ್ಲೋ-ಜೋ ಜಗತ್ತನ್ನು ಮರುಳುಮಾಡಿದ್ದ ದಿನಗಳವು. ಪತ್ರಿಕೆಗಳು ತಡಮಾಡಲಿಲ್ಲ, 'ಭಾರತದ ಫ್ಲೋ-ಜೋ' ಅಂತ ಬರೆದೇಬಿಟ್ಟವು.

ಬಿರುದು ಚೆಂದ. ಆದರೆ ಅದರೊಳಗೆ ಒಂದು ಮುಳ್ಳೂ ಇದೆ. ಗಂಡು ಓಡಿದರೆ ಅವನ ಟೈಮಿಂಗ್ ಬರೆಯುತ್ತಾರೆ. ಹೆಣ್ಣು ಓಡಿದರೆ ಅವಳ ಬಟ್ಟೆ ಬರೆಯುತ್ತಾರೆ. ಅಮೆರಿಕದಲ್ಲಿ ಉಗುರಿನ ಉದ್ದ ಅಳೆದರು, ಇಲ್ಲಿ ಉಡುಪಿನ ಅಂಚು ಅಳೆದರು. ಚೆಲುವು ಹುಟ್ಟಿನಿಂದ ಬಂದೀತು, ಉಡುಪು ಟೈಲರಿನಿಂದ ಬಂದೀತು, ಆದರೆ ಉಷಾಳನ್ನು ಹಿಂದಿಕ್ಕುವ ಕಾಲು ಯಾವ ಟೈಲರೂ ಹೊಲಿದುಕೊಡಲಾರ.

ಅಶ್ವಿನಿಯ ಪಾತ್ರದಲ್ಲಿ... ಅಶ್ವಿನಿ!

ಈಗ ನಮ್ಮ ನಿಮ್ಮ ಅಸಲು ವಿಷಯಕ್ಕೆ ಬರೋಣ, ಸಿನಿಮಾ! ಆಕೆಯ ಮೇಲೆ ಮೊದಲು ಕಣ್ಣು ಹಾಯಿಸಿದ್ದು ಗಾಂಧಿನಗರ ಅಲ್ಲ, ಹೈದರಾಬಾದು. ನಿರ್ಮಾಪಕ ರಾಮೋಜಿರಾವ್ ಅವರಿಗೆ ಇಂಥ ಸಾಹಸ ಹೊಸದೇನೂ ಆಗಿರಲಿಲ್ಲ. ಅಪಘಾತದಲ್ಲಿ ಕಾಲು ಕಳೆದುಕೊಂಡು, ಕೃತಕ ಕಾಲಿನಲ್ಲೇ ಮತ್ತೆ ನಾಟ್ಯಕ್ಕೆ ನಿಂತ ಸುಧಾ ಚಂದ್ರನ್ ಕಥೆಯನ್ನು ಸುಧಾ ಕೈಯಲ್ಲೇ ಮಾಡಿಸಿ 'ಮಯೂರಿ' ಎಂಬ ಚಿತ್ರ ತೆಗೆದಿದ್ದವರು ಅವರು. ಆ ಚಿತ್ರ ತೆಗೆದ ಉಷಾಕಿರಣ್ ಮೂವೀಸ್ 1991ರಲ್ಲಿ ತೆರೆಗೆ ತಂದ ತೆಲುಗು ಚಿತ್ರವೇ 'ಅಶ್ವಿನಿ'. ನಿರ್ದೇಶನ ಮೌಳಿ. ಜೊತೆಯಲ್ಲಿ ಭಾನುಚಂದರ್. ಅಶ್ವಿನಿಯ ಪಾತ್ರದಲ್ಲಿ ಸಾಕ್ಷಾತ್ ಅಶ್ವಿನಿ!

ಯೋಚಿಸಿ ನೋಡಿ. ಮಿಲ್ಖಾ ಸಿಂಗ್ ಕಥೆಯನ್ನು 2013ರಲ್ಲಿ ಹಿಂದಿಯವರು ತೆಗೆದಾಗ ಓಡಿದ್ದು ಫರ್ಹಾನ್ ಅಖ್ತರ್. 2014ರಲ್ಲಿ ಮೇರಿ ಕೋಮ್ ಕಥೆ ಬಂದಾಗ ಗ್ಲೌಸ್ ತೊಟ್ಟದ್ದು ಪ್ರಿಯಾಂಕಾ ಚೋಪ್ರಾ. ತಿಂಗಳುಗಟ್ಟಲೆ ಕಸರತ್ತು ಮಾಡಿ ಮೈ ಹುರಿಗಟ್ಟಿಸಿಕೊಂಡರು, ತಪ್ಪೇನಿಲ್ಲ. ಅದಕ್ಕೆ ಎರಡು ದಶಕ ಮೊದಲೇ ಕೊಡಗಿನ ಈ ಹುಡುಗಿ ಓಟಗಾರ್ತಿಯ ಪಾತ್ರಕ್ಕೆ ಓಟಗಾರ್ತಿಯೇ ಆಗಿ ಬಂದು ನಿಂತಳು. ಆಂಧ್ರ ಸರ್ಕಾರ ನಂದಿ ಪ್ರಶಸ್ತಿ ಕೊಟ್ಟು ಬೆನ್ನು ತಟ್ಟಿತು.

ಸೇಡಂ ರಸ್ತೆಯ ಅಭಿಮಾನಿ ಮಿತ್ರರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಕಲಬುರಗಿಯಿಂದ ಹೊರಟ ನಿಮ್ಮ ರಸ್ತೆ ಮಳಖೇಡ ದಾಟಿ, ಸೇಡಂ ದಾಟಿ, ತೆಲುಗು ಸೀಮೆಯ ಗಡಿ ಮುಟ್ಟುತ್ತದೆ. 1956ರ ತನಕ ಈ ನಾಡೆಲ್ಲ ಹೈದರಾಬಾದ್ ರಾಜ್ಯದೊಳಗೇ ಇತ್ತು. ಇಲ್ಲಿಯ ಜನಕ್ಕೆ ತೆಲುಗು ಸಿನಿಮಾ ಪರದೇಶದ್ದಲ್ಲ. ಮಡಿಕೇರಿ ರಾಜ್ಯದ ಆ ತುದಿ, ಕಲಬುರಗಿ ಈ ತುದಿ. ಆ ತುದಿಯ ಕನ್ನಡನಾಡಿನ ಹುಡುಗಿ ಈ ತುದಿಯ ಪಕ್ಕದ ಸೀಮೆಯಲ್ಲಿ ತಾರೆಯಾದಳು! ವಿರಾಜಪೇಟೆಯ ರಶ್ಮಿಕಾ ಮಂದಣ್ಣ ತೆಲುಗಿಗೆ ಹೋಗಿ ಹವಾ ಎಬ್ಬಿಸಿದ್ದು 2018ರ ನಂತರದ ಮಾತು. ಕೊಡಗಿನಿಂದ ಹೈದರಾಬಾದಿಗೆ ದಾರಿ ಮಾಡಿದ ಕಾಲುಗಳು ಅದಕ್ಕೂ ಕಾಲು ಶತಮಾನ ಹಿಂದಿನವು.

'ಆದರ್ಶಂ', 'ಇನ್‌ಸ್ಪೆಕ್ಟರ್ ಅಶ್ವಿನಿ', 'ಮಿಸ್ 420' ಹೀಗೆ ಇನ್ನೂ ಕೆಲವು ಚಿತ್ರಗಳು ಬಂದವು. ಬೇರೆಯವರಾಗಿದ್ದರೆ ಅಲ್ಲೇ ತಳವೂರುತ್ತಿದ್ದರು. ನಾಯಕಿ, ಆಮೇಲೆ ಅತ್ತಿಗೆ, ಆಮೇಲೆ ಅಮ್ಮ... ನಮ್ಮ ಚಿತ್ರರಂಗದ ಮೆಟ್ಟಿಲು ಗೊತ್ತಲ್ಲ! ಅಶ್ವಿನಿ ಆ ಮೆಟ್ಟಿಲು ಇಳಿಯಲಿಲ್ಲ. ಮೇಕಪ್ ಒರೆಸಿಕೊಂಡು ಊರಿನ ಬಸ್ಸು ಹತ್ತಿದಳು.

ಗೋಣಿಕೊಪ್ಪದ ಗಂಟೆ

ಇಂದು ಕೊಡಗಿನ ಗೋಣಿಕೊಪ್ಪದ ಕಡೆ ಹೋಗಿ ಕೇಳಿದರೆ 'ಕಾಲ್ಸ್' ಎಲ್ಲಿದೆ ಅಂತ ಯಾರಾದರೂ ತೋರಿಸುತ್ತಾರೆ. ಕರುಂಬಯ್ಯಾಸ್ ಅಕಾಡೆಮಿ ಫಾರ್ ಲರ್ನಿಂಗ್ ಅಂಡ್ ಸ್ಪೋರ್ಟ್ಸ್. ಅಶ್ವಿನಿ, ಪತಿ ದತ್ತ ಕರುಂಬಯ್ಯ ಸೇರಿ ಕಟ್ಟಿದ ಶಾಲೆ. ಹೆಸರಿನಲ್ಲೇ ನೋಡಿ, ಓದು ಒಂದು ಕಡೆ, ಆಟ ಇನ್ನೊಂದು ಕಡೆ, ನಡುವೆ ಗೋಡೆ ಇಲ್ಲ.

ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಎಸ್ಸೆಸ್ಸೆಲ್ಸಿ ಬಂತೆಂದರೆ ಮೊದಲು ಅಟ್ಟ ಸೇರುವುದು ಚೆಂಡು, ಬ್ಯಾಟು, ಓಟದ ಬೂಟು. ಹುಡುಗಿಯಾದರಂತೂ ಅದಕ್ಕೂ ಎರಡು ವರ್ಷ ಮುಂಚೆಯೇ ಓಟ ಬಂದ್. 'ದೊಡ್ಡಾಕಿ ಆಗ್ಯಾಳ, ಇನ್ನೇನ್ ಓಡ್ತಾಳ' ಅಂತ ಮನೆಯ ಹಿರಿಯರು ಒಂದು ಮಾತು ಆಡಿದರೆ ಮುಗಿಯಿತು. ಎಷ್ಟು ಕಾಲುಗಳು ಹಾಗೆ ಅಡಿಗೆಮನೆಯ ಹೊಸ್ತಿಲಲ್ಲೇ ನಿಂತವೋ ಯಾವ ರೆಕಾರ್ಡ್ ಪುಸ್ತಕದಲ್ಲೂ ಬರೆದಿಲ್ಲ. ಪದಕ ಗೆದ್ದು, ಸಿನಿಮಾ ಮಾಡಿ ಬಂದ ಹೆಂಗಸು ತನ್ನೂರಿನಲ್ಲೇ ನಿಂತು ಓದೂ ಬೇಕು ಓಟವೂ ಬೇಕು ಎಂದು ಶಾಲೆ ನಡೆಸುವುದು ಸಣ್ಣ ವಿಷಯವಲ್ಲ.

ಡೂಪಿಗಿಂತ ಕೆಟ್ಟದ್ದು ಡೋಪು

ಇನ್ನೊಂದು ಕೆಲಸವೂ ಅಶ್ವಿನಿ ಅವರ ತಲೆಯ ಮೇಲಿದೆ. 'ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ' ಎಂಬ ಚಳವಳಿಯ ಮುಂದಾಳಾಗಿ ಕ್ರೀಡಾಸಂಸ್ಥೆಗಳ ರಾಜಕೀಯವನ್ನೂ, ಮದ್ದಿನ ಹಾವಳಿಯನ್ನೂ ಬಯಲಿಗೆಳೆದು ಮಾತಾಡಿದವರು ಅವರು. ಸಿನಿಮಾದ ಡೂಪ್ ಆದರೆ ಪಾಪ, ತನ್ನ ಎಲುಬು ಮುರಿದುಕೊಂಡು ಹೀರೋನನ್ನು ಕಾಪಾಡುತ್ತಾನೆ. ಟ್ರ್ಯಾಕಿನ ಡೋಪ್ ಹಾಗಲ್ಲ, ಮೊದಲು ಗೆಲ್ಲಿಸಿ ಆಮೇಲೆ ಎಲುಬನ್ನೂ ಮಾನವನ್ನೂ ಒಟ್ಟಿಗೇ ತಿನ್ನುತ್ತದೆ.

1988ರ ಸೋಲ್‌ನಲ್ಲಿ ಕೆನಡಾದ ಬೆನ್ ಜಾನ್ಸನ್ 9.79 ಸೆಕೆಂಡಿನಲ್ಲಿ ಓಡಿ ಜಗತ್ತನ್ನೇ ನಡುಗಿಸಿದ. ಮೂರೇ ದಿನದಲ್ಲಿ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಸಿಕ್ಕಿ ಪದಕವೂ ಹೋಯಿತು, ದಾಖಲೆಯೂ ಹೋಯಿತು.

ದೂರ ಯಾಕೆ, ನಮ್ಮ ಮನೆಯ ಕಥೆಯೇ ಇದೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ, ಹೆಸರೂ ಅದೇ! 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ರಿಲೇ ಚಿನ್ನ, ಮರುತಿಂಗಳೇ ಗ್ವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇಯಲ್ಲೂ ಚಿನ್ನ. ನಾಡು ಕುಣಿಯಿತು. 2011ರಲ್ಲಿ ಆಕೆ, ಜೊತೆಯ ಓಟಗಾರ್ತಿಯರು ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಪೂರಕ ಆಹಾರದಲ್ಲೇ ಮದ್ದು ಬೆರೆತಿತ್ತು, ನಮಗೆ ತಿಳಿಯದು ಎಂದರು ಹುಡುಗಿಯರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್‌ನನ್ನು ಸರ್ಕಾರ ಮನೆಗೆ ಕಳಿಸಿತು. ಆದರೂ ಹುಡುಗಿಯರಿಗೆ ನಿಷೇಧ ತಪ್ಪಲಿಲ್ಲ. ಒಂದು ವರ್ಷದ ಶಿಕ್ಷೆ ಮೇಲ್ಮನವಿಯಲ್ಲಿ ಎರಡು ವರ್ಷವಾಯಿತು. ಬಾಟಲಿ ಯಾರು ಕೊಟ್ಟರೂ ಸರಿ, ಕುಡಿದವರ ಕೊರಳಿಗೇ ಉರುಳು. ಇದು ಕ್ರೀಡೆಯ ಕಾನೂನು.

ಪರಿಸ್ಥಿತಿ ಸುಧಾರಿಸಿತೇ ಅಂದರೆ, 2023ರಲ್ಲಿ ಭಾರತದಲ್ಲಿ ತೆಗೆದ 5,606 ಮಾದರಿಗಳಲ್ಲಿ ಶೇಕಡ 3.8ರಷ್ಟರಲ್ಲಿ ಮದ್ದು ಸಿಕ್ಕಿತು. ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ ನಡೆಸುವ ದೇಶಗಳ ಪೈಕಿ ನಾವೇ ಮೇಲೆ! ಬೇಡವಾದ ಪಟ್ಟಿಯಲ್ಲಿ ಬೇಡವಾದ ಮೊದಲ ಸ್ಥಾನ. ಸರ್ಕಾರಿ ನೌಕರಿ, ಬಹುಮಾನದ ದುಡ್ಡು, ಬೇಗ ಮೇಲೆ ಬರುವ ಆಸೆ, ಜೊತೆಗೆ ಜಿಮ್ಮಿನಲ್ಲಿ ಕದ್ದು ಮಾರುವ ಸೂಜಿ... ತಮ್ಮಂದಿರೇ, ಮೈ ಕಟ್ಟುವ ಆಸೆಯಿಂದ ಪುಡಿ, ಸೂಜಿ ಅಂತ ಹೋಗುವ ಮುನ್ನ ಒಂದು ಸಲ ಯೋಚಿಸಿ. ಕಮಲಾಪುರದ ಕೆಂಪು ಬಾಳೆಹಣ್ಣು ಪಕ್ಕದಲ್ಲೇ ಸಿಗುತ್ತದಲ್ಲ, ಅದಕ್ಕೆ ಯಾವ ನಿಷೇಧವೂ ಇಲ್ಲ!

ಶಿಳ್ಳೆ ಥಿಯೇಟರಿನಲ್ಲಿ ಇರಲಿ

ಕೊನೆಯ ರೀಲು. ಬೆಳಗಿನ ಜಾವ ನಮ್ಮ ಜಿಲ್ಲೆಗಳ ಯಾವ ರಸ್ತೆಗೆ ಹೋದರೂ ಓಡುವ ಹುಡುಗರು ಸಿಗುತ್ತಾರೆ. ಪೊಲೀಸ್ ಸೆಲೆಕ್ಷನ್ ಇದೆ, ಮಿಲಿಟರಿ ಸೆಲೆಕ್ಷನ್ ಇದೆ. ಕಾನ್‌ಸ್ಟೆಬಲ್ ಆಗಲು ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದೊಳಗೆ. ಗಂಡುಮಕ್ಕಳಿಗೆ ರಸ್ತೆ ಇದೆ, ಹೊಲದ ಬದು ಇದೆ, ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಇದೆ. ಐದು ಗಂಟೆಗೆ ಎದ್ದು ಹೊರಟರೆ ಕೇಳುವವರಿಲ್ಲ.

ಹೆಣ್ಣುಮಗಳು ಅದೇ ಐದು ಗಂಟೆಗೆ ಸೇಡಂ ರಸ್ತೆಗೆ ಇಳಿದರೆ? ಅವಳಿಗೆ ಗಡಿಯಾರದ ಎರಡು ನಿಮಿಷದ ಚಿಂತೆಗಿಂತ ಹೆಚ್ಚು, ಚಹಾದ ಅಂಗಡಿ ಮುಂದೆ ನಿಂತವರ ಚಿಂತೆ. ಬೈಕು ನಿಧಾನ ಮಾಡಿ ಪಕ್ಕದಲ್ಲೇ ಬರುವವನ ಚಿಂತೆ. 'ಎಲ್ಲಿಗ್ ಓಡ್ತೀಯವಾ' ಅನ್ನುವ ಕೀಟಲೆಯ ಚಿಂತೆ. ಅವಳು ನಾಲ್ಕು ದಿನ ಸಹಿಸುತ್ತಾಳೆ, ಐದನೇ ದಿನ ಅಪ್ಪ 'ಬ್ಯಾಡ ಬಿಡವ್ವ' ಅನ್ನುತ್ತಾನೆ. ಅಲ್ಲಿಗೆ ಒಂದು ಅಶ್ವಿನಿ ಖಲಾಸ್!

ತೆರೆಯ ಮೇಲೆ 'ಇನ್‌ಸ್ಪೆಕ್ಟರ್ ಅಶ್ವಿನಿ' ಲಾಠಿ ಬೀಸಿದರೆ ಶಿಳ್ಳೆ ಹೊಡೆಯುವವರು ನಾವೇ. ರಸ್ತೆಯ ಮೇಲೆ ಇನ್‌ಸ್ಪೆಕ್ಟರ್ ಆಗಲು ಓಡುವ ಹುಡುಗಿಗೂ ಶಿಳ್ಳೆ ಹೊಡೆಯುವವರು ನಾವೇ. ಮೊದಲನೆಯದು ಅಭಿಮಾನ. ಎರಡನೆಯದಕ್ಕೆ ಏನನ್ನಬೇಕೋ ನೀವೇ ಹೇಳಿ.

ಫ್ಲೋ-ಜೋ ದಾಖಲೆ ಇಂದಲ್ಲ ನಾಳೆ ಯಾರಾದರೂ ಮುರಿದಾರು. ಅಶ್ವಿನಿ ಓಡಿದ ಹೊತ್ತುಗಳನ್ನು ಅವರ ನಂತರ ಬಂದ ಹುಡುಗಿಯರು ದಾಟಿ ಹೋಗುತ್ತಾರೆ, ಹೋಗಲೇಬೇಕು. ರೆಕಾರ್ಡ್ ಇರುವುದೇ ಮುರಿಯಲಿಕ್ಕೆ. ಆದರೆ ಮುರಿಯುವ ಹುಡುಗಿ ಮೊದಲು ಮನೆ ಬಿಟ್ಟು ರಸ್ತೆಗೆ ಬರಬೇಕಲ್ಲ! ಅವಳು ನಿಮ್ಮ ತಂಗಿ ಇರಬಹುದು, ಪಕ್ಕದ ಓಣಿಯ ಹುಡುಗಿ ಇರಬಹುದು. ಬೂಟು ಕೇಳಿದರೆ ಈ ತಿಂಗಳ ಎರಡು ಸಿನಿಮಾದ ದುಡ್ಡು ಉಳಿಸಿ ಕೊಡಿಸಿ. ಬೆಳಗ್ಗೆ ಅವಳು ಓಡುವಾಗ ಸೈಕಲ್ ಹಿಡಿದು ಹಿಂದೆ ಕಾವಲು ಹೋಗಿ. ಅದೂ ಬೇಸರವಾದರೆ ಸುಮ್ಮನೆ ದಾರಿ ಬಿಡಿ, ಅಷ್ಟೇ ಸಾಕು. ಈ ಪಾತ್ರಕ್ಕೆ ಡೂಪ್ ಸಿಗುವುದಿಲ್ಲ, ನೀವೇ ಮಾಡಬೇಕು.

ಏನಂತೀರಿ, ಅಭಿಮಾನಿ ಬಂಧುಗಳೇ?